ಗ್ರಂಥಋಣ



ಕನ್ನಡದ ಸಂಶೋಧನ ಪ್ರಬಂಧಗಳ ಕೊನೆಯ ಪುಟಗಳನ್ನು ತೆರೆದು ನೋಡಿದವರಿಗೆ ಅಲ್ಲಿ ‘ಗ್ರಂಥಋಣ’ ಎಂಬ ತಲೆಬರಹವು ಕಂಡಿರಬೇಕು. ಪ್ರಬಂಧಕಾರನು ಓದಿದ, ಬಳಸಿಕೊಂಡ ಪುಸ್ತಕಗಳ ಪಟ್ಟಿಗೆ ನಮ್ಮ ಹಿರಿಯ ವಿದ್ವಾಂಸರು ಇಟ್ಟ ಹೆಸರು ಅದು. ಅದನ್ನು ಪಟ್ಟಿಯೆಂದು ಕರೆಯಬಹುದಾಗಿತ್ತು, ಸೂಚಿಯೆಂದು ಕರೆಯಬಹುದಾಗಿತ್ತು. ಅವರು ಋಣವೆಂದು ಕರೆದರು. ವಿದ್ಯೆಯೆಂಬುದು ಒಬ್ಬನೇ ಕುಳಿತು ಸಂಪಾದಿಸುವ ಸ್ವತ್ತಲ್ಲ, ಹಲವರಿಂದ ಪಡೆದುಕೊಂಡದ್ದು, ಪಡೆದುದನ್ನು ಪಡೆದೆನೆಂದು ಹೇಳುವುದು ಪಡೆದವನ ಧರ್ಮ ಎಂಬ ಭಾವನೆ ಆ ಒಂದು ಪದದಲ್ಲಿ ಅಡಗಿದೆ.

ಈ ಮಾತನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಈ ಪತ್ರಿಕೆಯನ್ನು ಓದುವವರಲ್ಲಿ ಅನೇಕರು ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು, ಓದಿ, ಬದುಕಿನಲ್ಲಿ ಒಂದು ನೆಲೆ ಕಂಡವರು. ಈಗ ಅವರ ಮಕ್ಕಳು, ಕೆಲವರ ಮೊಮ್ಮಕ್ಕಳು, ಕಾಲೇಜುಗಳ ಮೆಟ್ಟಿಲು ಹತ್ತುತ್ತಿದ್ದಾರೆ. ಪದವಿ ಕಾಲೇಜೊಂದರಲ್ಲಿ ಮೂರು ದಶಕಗಳಿಗೂ ಮಿಗಿಲಾಗಿ ಕನ್ನಡವನ್ನು ಬೋಧಿಸಿ ನಿವೃತ್ತನಾದ ನನ್ನ ಬಳಿಗೆ ಅಂಥ ತಂದೆತಾಯಿಗಳು ಆಗಾಗ ಬರುತ್ತಾರೆ. ಕಳೆದ ಕೆಲವು ವರ್ಷಗಳಿಂದ ಅವರ ಬಾಯಲ್ಲಿ ಒಂದೇ ಬಗೆಯ ದುಗುಡವನ್ನು ಕೇಳುತ್ತಿದ್ದೇನೆ. “ಮಗನ ಪ್ರಬಂಧವನ್ನು ಹಿಂದಕ್ಕೆ ಕಳಿಸಿದ್ದಾರಂತೆ, ಅದರಲ್ಲಿ ಕೃತಿಚೌರ್ಯ ಇದೆಯಂತೆ. ನಮ್ಮ ಮನೆಯ ಹುಡುಗ ಕಳ್ಳನೆ?” ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ. ಹುಡುಗನು ಕಳ್ಳನಾಗದೆಯೂ ಬರವಣಿಗೆಯಲ್ಲಿ ಕಳವು ನಡೆದಿರಬಹುದು. ಅದು ಹೇಗೆ, ಅದನ್ನು ತಪ್ಪಿಸುವ ಬಗೆ ಯಾವುದು ಎಂಬುದನ್ನು ನನ್ನ ಅನುಭವದ ಮಿತಿಯಲ್ಲಿ ತಮ್ಮ ಮುಂದಿಡುವುದು ಈ ಬರೆಹದ ಉದ್ದೇಶ.

ಮೊದಲು ಕೃತಿಚೌರ್ಯವೆಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಇದಕ್ಕೆ ಇಂಗ್ಲಿಷಿನಲ್ಲಿ ಬಳಕೆಯಾಗುವ ‘ಪ್ಲೇಜಿಯರಿಸಂ’ ಎಂಬ ಶಬ್ದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಆ ಭಾಷೆಯಲ್ಲಿ ‘ಪ್ಲೇಜಿಯರಿಯಸ್’ ಎಂದರೆ ಮನುಷ್ಯರನ್ನು ಕದ್ದೊಯ್ಯುವವನು. ಕ್ರಿ.ಶ. ಮೊದಲನೆಯ ಶತಮಾನದ ರೋಮನ್ ಕವಿ ಮಾರ್ಷಲ್, ತನ್ನ ಪದ್ಯಗಳನ್ನು ತನ್ನವೆಂದು ಓದಿಕೊಂಡು ತಿರುಗುತ್ತಿದ್ದ ಮತ್ತೊಬ್ಬನನ್ನು ಈ ಶಬ್ದದಿಂದ ಜರೆದನು. ಆ ಶಬ್ದವೇ ಮುಂದೆ ಸಾಹಿತ್ಯದ ಕಳವಿಗೆ ಸಂದಿತು. ಇನ್ನೊಬ್ಬರ ಮಾತನ್ನಾಗಲಿ, ವಿಚಾರವನ್ನಾಗಲಿ, ಅಂಕಿ-ಅಂಶ, ಕೋಷ್ಟಕ, ಚಿತ್ರಗಳನ್ನಾಗಲಿ, ಅವರಿಂದ ಪಡೆದುದೆಂದು ಹೇಳದೆ ತನ್ನದೆಂಬಂತೆ ಒಪ್ಪಿಸುವುದು ಕೃತಿಚೌರ್ಯ. ಗೆಳೆಯನು ಬರೆದ ನಿಯೋಜಿತ ಬರವಣಿಗೆಗೆ ತನ್ನ ಹೆಸರನ್ನು ಹಚ್ಚುವುದು, ಜೆರಾಕ್ಸ್ ಅಂಗಡಿಯಲ್ಲಿ ಸಿದ್ಧ ವರದಿಯನ್ನು ಹಣ ಕೊಟ್ಟು ತರುವುದು, ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತಿರುಗಿಸಿ ಮೂಲವನ್ನು ಮರೆಮಾಡುವುದು, ಇವೆಲ್ಲವೂ ಇದರೊಳಗೇ ಬರುತ್ತವೆ.

ಇದು ಪಾಶ್ಚಾತ್ಯರು ತಂದ ಕಟ್ಟಳೆ, ಗುರುವಿನ ಬಾಯಿಂದ ಕೇಳಿ ಕಂಠಪಾಠ ಮಾಡುತ್ತ ಬಂದ ನಮಗೆ ಇದು ಸಲ್ಲದು ಎಂದು ವಾದಿಸುವವರನ್ನು ನಾನು ಕಂಡಿದ್ದೇನೆ. ಆ ವಾದ ನಿಲ್ಲುವಂಥದ್ದಲ್ಲ. 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ತನ್ನ ‘ಧ್ವನ್ಯಾಲೋಕ’ದ ಕೊನೆಯ ಉದ್ಯೋತದಲ್ಲಿ ಇಬ್ಬರು ಕವಿಗಳ ನಡುವೆ ಕಾಣುವ ಸಾಮ್ಯವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಒಂದು ಕನ್ನಡಿಯೊಳಗಿನ ಪ್ರತಿಬಿಂಬದಂಥದು. ಇನ್ನೊಂದು ಚಿತ್ರಪಟದಲ್ಲಿ ಬರೆದ ರೂಪದಂಥದು. ಮೂರನೆಯದು ಒಬ್ಬರನ್ನೊಬ್ಬರು ಹೋಲುವ ಇಬ್ಬರು ಮನುಷ್ಯರ ದೇಹಗಳಂಥದು. ಪ್ರತಿಬಿಂಬಕ್ಕೆ ತನ್ನದೆಂಬ ಜೀವವಿಲ್ಲ. ಚಿತ್ರಕ್ಕೆ ಇರುವುದು ಹುರುಳಿಲ್ಲದ ಜೀವ. ಆದ್ದರಿಂದ ಆ ಎರಡನ್ನೂ ಬಿಡಬೇಕು. ಮೂರನೆಯದರಲ್ಲಿ ಹೋಲಿಕೆಯಿದ್ದರೂ ಎರಡು ಜೀವಗಳು ಬೇರೆಯಾದ್ದರಿಂದ ಅದು ದೋಷವಲ್ಲ ಎಂಬುದು ಅವನ ನಿಲುವು. ಅವನ ತರುವಾಯ ಬಂದ ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಶಬ್ದವನ್ನು ತೆಗೆದುಕೊಳ್ಳುವುದು, ಅರ್ಥವನ್ನು ತೆಗೆದುಕೊಳ್ಳುವುದು ಎಂದು ಎರಡಾಗಿ ಒಡೆದು ‘ಹರಣ’ದ ವಿಚಾರಕ್ಕೆ ಅಧ್ಯಾಯಗಳನ್ನೇ ಮೀಸಲಿಟ್ಟಿದ್ದಾನೆ. ಕದ್ದದ್ದು ಯಾವುದು, ಪಡೆದು ಬೆಳೆಸಿದ್ದು ಯಾವುದು ಎಂಬ ವಿವೇಚನೆ ಈ ನೆಲದಲ್ಲಿ ಸಾವಿರ ವರ್ಷಗಳಿಗೂ ಹಿಂದಿನದು.

ನಮ್ಮ ವಚನ ಸಾಹಿತ್ಯವನ್ನೇ ನೋಡಬಹುದು. ಪ್ರತಿಯೊಂದು ವಚನವೂ ಅಂಕಿತದೊಡನೆ ಮುಗಿಯುತ್ತದೆ. ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಗುಹೇಶ್ವರ ಎಂದರೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ ಎಂದು ನಾವು ಗುರುತಿಸುತ್ತೇವೆ. ಅಂಕಿತದಲ್ಲಿ ಸಾಮಾನ್ಯವಾಗಿ ಇರುವುದು ವಚನಕಾರರ ಹೆಸರಲ್ಲ, ಅವರ ಇಷ್ಟದೈವದ ಹೆಸರು; ಆದರೂ ಅದರಿಂದ ನುಡಿ ಯಾರದೆಂಬುದು ತಿಳಿಯುತ್ತದೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ‘ಶೂನ್ಯಸಂಪಾದನೆ’ಯನ್ನು ಮೊದಲು ಸಂಕಲಿಸಿದಾಗ ಮಾಡಿದ್ದೇನು? ಹಲವು ಶರಣರ ವಚನಗಳನ್ನು ಆಯ್ದು, ಸಂವಾದದ ರೂಪದಲ್ಲಿ ಜೋಡಿಸಿ, ನಡುನಡುವೆ ತಮ್ಮ ಗದ್ಯವನ್ನು ಹೊಂದಿಸಿದರು. ಇಡೀ ಕೃತಿಯ ಕಟ್ಟಡ ಅವರದು. ಆದರೆ ಒಂದೊಂದು ವಚನವೂ ತನ್ನ ಅಂಕಿತದೊಡನೆ ಹಾಗೆಯೇ ಉಳಿಯಿತು. ಯಾವುದು ಶರಣರ ನುಡಿ, ಯಾವುದು ಸಂಕಲನಕಾರರ ನುಡಿ ಎಂಬುದರಲ್ಲಿ ಓದುಗನಿಗೆ ಗೊಂದಲವಿಲ್ಲ. ಇಂದಿನ ಕಾಲೇಜು ವಿದ್ಯಾರ್ಥಿಯಿಂದ ನಾವು ಬಯಸುವುದು ಇದಕ್ಕಿಂತ ಹೆಚ್ಚಿನದೇನೂ ಅಲ್ಲ. ಇನ್ನೊಬ್ಬರ ಮಾತನ್ನು ಧಾರಾಳವಾಗಿ ಬಳಸಲಿ. ಅಂಕಿತವನ್ನು ಮಾತ್ರ ಅಳಿಸದಿರಲಿ.

ಹೀಗಿದ್ದೂ ನಮ್ಮ ಮಕ್ಕಳು ಏಕೆ ಎಡವುತ್ತಾರೆ? ಅವರಲ್ಲಿ ಕೆಲವರು ತಿಳಿದೇ ವಂಚಿಸುವವರು ಉಂಟು. ಅವರ ಮಾತು ಬೇರೆ. ಬಹುಮಂದಿಗೆ ಗಡಿ ಎಲ್ಲಿದೆ ಎಂಬುದನ್ನೇ ಯಾರೂ ತೋರಿಸಿರುವುದಿಲ್ಲ. ನಮ್ಮ ಪರೀಕ್ಷಾ ಪದ್ಧತಿಯನ್ನು ಸ್ವಲ್ಪ ಅವಲೋಕಿಸಿರಿ. ಪ್ರಾಥಮಿಕ ಶಾಲೆಯಿಂದ ಪದವಿಯವರೆಗೆ, ಬರೆಸಿದ ಟಿಪ್ಪಣಿಯನ್ನು, ಅಂಗಡಿಯ ಗೈಡಿನ ಉತ್ತರವನ್ನು, ಅಕ್ಷರ ತಪ್ಪದೆ ಒಪ್ಪಿಸಿದವನಿಗೆ ಹೆಚ್ಚು ಅಂಕ. ಸ್ವಂತ ವಾಕ್ಯದಲ್ಲಿ ಬರೆದವನಿಗೆ ಒಂದೆರಡು ಅಂಕ ಕಡಿಮೆ. ಹದಿನೈದು ವರ್ಷಗಳ ಕಾಲ ಹೀಗೆ ಬಹುಮಾನ ಪಡೆದ ಹುಡುಗನು ಸ್ನಾತಕೋತ್ತರ ತರಗತಿಗೆ ಬಂದೊಡನೆ ಕಿರುಪ್ರಬಂಧವನ್ನು ಬರೆಯಬೇಕಾಗುತ್ತದೆ. ಅವನು ತನಗೆ ಗೊತ್ತಿದ್ದುದನ್ನೇ ಮಾಡುತ್ತಾನೆ. ಪುಸ್ತಕದ ಮಾತನ್ನು ಶ್ರದ್ಧೆಯಿಂದ ಇಳಿಸುತ್ತಾನೆ. ನಿನ್ನೆಯವರೆಗೆ ಅದಕ್ಕೆ ಜಾಣತನವೆಂಬ ಹೆಸರಿತ್ತು. ಇಂದು ಚೌರ್ಯವೆಂಬ ಹೆಸರು ಬಂದಿತು. ಈ ಎರಡರ ನಡುವೆ ಯಾರೂ ಅವನನ್ನು ಕೂರಿಸಿಕೊಂಡು ಒಂದು ಗಂಟೆ ಮಾತಾಡಲಿಲ್ಲ.

ಇದಕ್ಕಿಂತಲೂ ಆಳವಾದ ಕಾರಣವೊಂದಿದೆ. ಅದನ್ನು ನನಗೆ ಮನವರಿಕೆ ಮಾಡಿಕೊಟ್ಟವಳು ಒಬ್ಬ ವಿದ್ಯಾರ್ಥಿನಿ. ಜನಪದ ಹಾಡುಗಳನ್ನು ಕುರಿತು ಹತ್ತು ಪುಟಗಳ ಬರವಣಿಗೆ ಮಾಡಿಕೊಂಡು ಬರಲು ಬಿ.ಎ. ತರಗತಿಗೆ ಹೇಳಿದ್ದೆನು. ಹಳ್ಳಿಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದ ಆ ಹುಡುಗಿ ಅಂದವಾದ ಅಕ್ಷರಗಳಲ್ಲಿ ತಂದುಕೊಟ್ಟ ಹತ್ತು ಪುಟಗಳೂ ಗ್ರಂಥಾಲಯದ ಒಂದೇ ಪುಸ್ತಕದಿಂದ ಇಳಿಸಿದವು. ಆಕೆಯನ್ನು ಕರೆದು, “ಯಾಕವ್ವಾ, ನಿಮ್ಮ ಊರಾಗ ಬೀಸೋಕಲ್ಲಿನ ಪದ ಹಾಡೋರು ಯಾರೂ ಇಲ್ಲೇನು?” ಎಂದು ಕೇಳಿದೆನು. “ನಮ್ಮ ಅಮ್ಮನ ಅವ್ವ ಹಾಡ್ತಾಳ್ರೀ ಸರ್, ರಾತ್ರಿಪೂರಾ ಹಾಡ್ತಾಳ. ಆದ್ರ ಅವು ಪುಸ್ತಕದಾಗ ಇಲ್ಲಲ್ರೀ” ಎಂದಳು.

ಆ ಉತ್ತರದಲ್ಲಿ ಕಪಟದ ಲೇಶವೂ ಇರಲಿಲ್ಲ. ಅಚ್ಚಾದದ್ದು ಮಾತ್ರ ವಿದ್ಯೆ, ತನ್ನ ಮನೆಯಲ್ಲಿರುವುದು ವಿದ್ಯೆಯಲ್ಲ, ತನ್ನ ಬಾಯಿಂದ ಬರುವ ವಾಕ್ಯ ಕಾಲೇಜಿಗೆ ತಕ್ಕುದಲ್ಲ ಎಂಬ ದೃಢವಾದ ನಂಬಿಕೆ ಆಕೆಗಿತ್ತು. ನಕಲು ಮಾಡುವ ಬಹುಪಾಲು ಮಕ್ಕಳಲ್ಲಿ ನಾನು ಕಂಡದ್ದು ಈ ನಂಬಿಕೆಯನ್ನೇ. ಪರರ ಸೊತ್ತಿನ ಆಸೆಗಿಂತ ತಮ್ಮ ಸೊತ್ತಿನ ಬಗೆಗಿನ ನಾಚಿಕೆಯೇ ಅವರನ್ನು ಅಲ್ಲಿಗೆ ತಳ್ಳುತ್ತದೆ. ಆಕೆಗೆ ಹದಿನೈದು ದಿನಗಳ ಅವಕಾಶ ಕೊಟ್ಟು, ಅಜ್ಜಿಯ ಹಾಡುಗಳನ್ನು ಕೇಳಿ ಬರೆದುಕೊಂಡು ಬರಲು ಹೇಳಿದೆನು. ಹಾಡಿದವರ ಹೆಸರು, ವಯಸ್ಸು, ಊರು, ಹಾಡಿಸಿಕೊಂಡ ದಿನಾಂಕ, ಇವನ್ನು ಪ್ರತಿಯೊಂದು ಹಾಡಿನ ಕೆಳಗೂ ನಮೂದಿಸಬೇಕೆಂದು ಷರತ್ತು ಹಾಕಿದೆನು. ಜಾನಪದ ಸಂಗ್ರಹಕಾರರು ಹೀಗೆ ಹಾಡಿದವರನ್ನು ‘ವಕ್ತೃ’ಗಳೆಂದು ಕರೆದು ಅವರ ವಿವರ ಕೊಡುವುದು ರೂಢಿ. ಓದು ಬಾರದವರ ಋಣವೂ ಗ್ರಂಥದ ಋಣದಷ್ಟೇ ದೊಡ್ಡದು. ಆಕೆ ಎರಡನೆಯ ಬಾರಿ ತಂದ ಬರವಣಿಗೆಯಲ್ಲಿ ಕಾಗುಣಿತದ ತಪ್ಪುಗಳು ಬಹಳ ಇದ್ದವು. ಆದರೆ ಯಾವ ಪುಸ್ತಕದಲ್ಲಿಯೂ ಇಲ್ಲದ ಏಳು ಹಾಡುಗಳಿದ್ದವು. ಬೀಸುವಾಗ ಕಲ್ಲಿನ ಗೂಟ ಹಿಡಿದ ಇಬ್ಬರಲ್ಲಿ ಯಾರು ಮೊದಲು ದನಿ ಎತ್ತುತ್ತಾರೆ, ಯಾರು ಹಿಂದಿನಿಂದ ಸೇರುತ್ತಾರೆ ಎಂಬ ವಿವರವಿತ್ತು. ಅದನ್ನು ಬರೆದವಳು ಅವಳೇ ಎಂಬುದರಲ್ಲಿ ಯಾರಿಗೂ ಸಂದೇಹ ಬರುವಂತಿರಲಿಲ್ಲ.

ಇನ್ನು ಕಾರ್ಯವಿಧಾನಕ್ಕೆ ಬರೋಣ. ಉಪದೇಶಕ್ಕಿಂತ ಒಂದು ಉದಾಹರಣೆ ಹೆಚ್ಚು ಪ್ರಯೋಜನಕಾರಿ. ಫ.ಗು. ಹಳಕಟ್ಟಿಯವರನ್ನು ಕುರಿತು ನಮ್ಮ ವಿದ್ಯಾರ್ಥಿಯೊಬ್ಬನು ಬರೆಯುತ್ತಿದ್ದಾನೆನ್ನೋಣ. ಅವನು ಓದಿದ ಪುಸ್ತಕದಲ್ಲಿ ಹೀಗೊಂದು ವಾಕ್ಯವಿದೆಯೆಂದು ಕಲ್ಪಿಸಿಕೊಳ್ಳಿರಿ: “ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಓಲೆಗರಿಯ ಕಟ್ಟುಗಳನ್ನು ಹಳಕಟ್ಟಿಯವರು ಓದುಗರ ಅಂಗೈಗೆ ತಂದಿಟ್ಟರು.”

ಈ ವಾಕ್ಯವನ್ನು ಹಾಗೆಯೇ ಇಳಿಸಿ ಸುಮ್ಮನಾದರೆ ಅದು ನೇರವಾದ ಕಳವು. “ಜಗುಲಿಯಲ್ಲಿ ಪೂಜಿಸಲ್ಪಡುತ್ತಿದ್ದ ತಾಡವೋಲೆಯ ಕಟ್ಟುಗಳನ್ನು ಹಳಕಟ್ಟಿಯವರು ವಾಚಕರ ಕೈಗೆ ತಂದುಕೊಟ್ಟರು” ಎಂದು ಕೆಲವು ಪದಗಳನ್ನು ಬದಲಿಸಿದರೆ ಅನೇಕರು ತಾವು ಪಾರಾದೆವೆಂದು ತಿಳಿಯುತ್ತಾರೆ. ಅದೂ ಕಳವೇ. ಮೂಲದ ಕಲ್ಪನೆ, ವಾಕ್ಯದ ಎಲುಬು, ಎರಡೂ ಇನ್ನೊಬ್ಬರವು. ಆನಂದವರ್ಧನನು ಹೇಳಿದ ಪ್ರತಿಬಿಂಬ ಇದೇ. ಮೂರನೆಯ ದಾರಿಯೆಂದರೆ, ಮೂಲ ವಾಕ್ಯವನ್ನು ಉದ್ಧರಣ ಚಿಹ್ನೆಗಳೊಳಗೆ ಇಟ್ಟು, ಲೇಖಕರ ಹೆಸರು, ಪುಸ್ತಕ, ಪುಟಸಂಖ್ಯೆಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವುದು. ಮೂಲದ ಮಾತಿನ ಸೊಗಸು ಅನಿವಾರ್ಯವೆನಿಸಿದಾಗ ಈ ದಾರಿ ಯುಕ್ತ. ನಾಲ್ಕನೆಯದು, ಪುಸ್ತಕವನ್ನು ಮುಚ್ಚಿಟ್ಟು ತಾನು ತಿಳಿದುಕೊಂಡದ್ದನ್ನು ತನ್ನ ಮಾತಿನಲ್ಲಿ ಹೇಳುವುದು: ಪೂಜೆಯ ವಸ್ತುವಾಗಿದ್ದ ಹಸ್ತಪ್ರತಿಗಳು ಹಳಕಟ್ಟಿಯವರ ಪ್ರಯತ್ನದಿಂದ ಓದಿನ ವಸ್ತುವಾದುವು ಎಂದು ಇಂಥವರು ಅಭಿಪ್ರಾಯಪಡುತ್ತಾರೆ, ಎಂಬಂತೆ. ಇಲ್ಲಿಯೂ ಅಡಿಟಿಪ್ಪಣಿ ಬೇಕು. ಏಕೆಂದರೆ ಮಾತು ತನ್ನದಾದರೂ ವಿಚಾರ ಅವರದು.

ಹಾಗಾದರೆ ಪ್ರತಿ ವಾಕ್ಯಕ್ಕೂ ಅಡಿಟಿಪ್ಪಣಿ ಹಾಕಬೇಕೆ ಎಂದು ವಿದ್ಯಾರ್ಥಿಗಳು ಗಾಬರಿಯಾಗುತ್ತಾರೆ. ಬೇಕಾಗಿಲ್ಲ. ಹಳಕಟ್ಟಿಯವರು 1880ರಲ್ಲಿ ಜನಿಸಿದರು, ವಿಜಯಪುರದಲ್ಲಿ ವಕೀಲರಾಗಿದ್ದರು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು, 1964ರಲ್ಲಿ ಲಿಂಗೈಕ್ಯರಾದರು ಎಂಬ ಸಂಗತಿಗಳು ಎಲ್ಲ ಗ್ರಂಥಗಳಲ್ಲಿಯೂ ಸಿಗುವ ಸಾಮಾನ್ಯ ಜ್ಞಾನ. ಅವು ಒಬ್ಬರ ಸ್ವತ್ತಲ್ಲ. ಆದರೆ ಆ ಸಂಗತಿಗಳಿಗೆ ಒಬ್ಬ ವಿದ್ವಾಂಸನು ಕೊಟ್ಟ ಅರ್ಥ, ಅವನು ಕಂಡುಹಿಡಿದ ಹೊಸ ದಾಖಲೆ, ಅವನು ಕಟ್ಟಿದ ವಾದ, ಇವು ಅವನವು.

ಕಳವಿನ ಬೀಜ ಬಿತ್ತುವುದು ಬರೆಯುವಾಗ ಅಲ್ಲ, ಟಿಪ್ಪಣಿ ಮಾಡಿಕೊಳ್ಳುವಾಗ ಎಂಬುದನ್ನು ತಮ್ಮ ಮಕ್ಕಳಿಗೆ ವಿಶೇಷವಾಗಿ ತಿಳಿಸಿರಿ. ನಾನು ಬಲ್ಲ ಒಬ್ಬ ಸಂಶೋಧನ ವಿದ್ಯಾರ್ಥಿ ಪ್ರಾಮಾಣಿಕನೂ ಪರಿಶ್ರಮಿಯೂ ಆಗಿದ್ದನು. ಮೂರು ವರ್ಷಗಳ ಕಾಲ ಗ್ರಂಥಾಲಯಗಳಲ್ಲಿ ಕುಳಿತು ಹನ್ನೆರಡು ನೋಟುಬುಕ್ಕುಗಳನ್ನು ತುಂಬಿಸಿದನು. ಆದರೆ ಎಲ್ಲಿಯೂ ಉದ್ಧರಣ ಚಿಹ್ನೆಯಿಲ್ಲ, ಪುಟಸಂಖ್ಯೆಯಿಲ್ಲ; ಪುಸ್ತಕದ ಮಾತೂ ತನ್ನ ಆಲೋಚನೆಯೂ ಒಂದೇ ಶಾಯಿಯಲ್ಲಿ ಬೆರೆತಿದ್ದವು. ಬರೆಯಲು ಕುಳಿತಾಗ ಯಾವುದು ತನ್ನದು, ಯಾವುದು ಪರರದು ಎಂಬುದು ಅವನಿಗೇ ತಿಳಿಯಲಿಲ್ಲ. ಪ್ರಬಂಧ ಹಿಂದಕ್ಕೆ ಬಂದಿತು. ಮೂಲಗಳನ್ನು ಮತ್ತೆ ಹುಡುಕಿ ಸರಿಪಡಿಸಲು ಅವನಿಗೆ ಐದು ತಿಂಗಳು ಹಿಡಿದುವು. ಅಷ್ಟರಲ್ಲಿ ಅಧ್ಯಾಪಕ ಹುದ್ದೆಯ ಅರ್ಜಿಯ ಗಡುವು ಮೀರಿ ಹೋಯಿತು. ಅವನ ತಂದೆ ಮಗನ ವಿದ್ಯಾಭ್ಯಾಸಕ್ಕಾಗಿ ಎರಡು ಎತ್ತುಗಳನ್ನು ಮಾರಿದ್ದ ಒಕ್ಕಲಿಗ. ಒಂದು ಚಿಹ್ನೆಯ, ಒಂದು ಅಂಕಿಯ ಉದಾಸೀನಕ್ಕೆ ಆ ಮನೆ ತೆತ್ತ ಬೆಲೆ ಅಷ್ಟು.

ಆದ್ದರಿಂದ ಟಿಪ್ಪಣಿ ಮಾಡುವಾಗ ಮೊದಲು ಲೇಖಕ, ಪುಸ್ತಕ, ಪ್ರಕಾಶನದ ವರ್ಷ, ಪುಟಗಳನ್ನು ಬರೆಯಬೇಕು, ಆಮೇಲೆಯೇ ವಿಷಯ. ಇದ್ದಂತೆಯೇ ಇಳಿಸಿದ ಮಾತಿಗೆ ಆ ಕ್ಷಣವೇ ಉದ್ಧರಣ ಚಿಹ್ನೆ ಹಾಕಬೇಕು. ಪುಸ್ತಕದ್ದನ್ನು ಒಂದು ಬಣ್ಣದ ಶಾಯಿಯಲ್ಲಿ, ತನ್ನ ಆಲೋಚನೆಯನ್ನು ಇನ್ನೊಂದು ಬಣ್ಣದಲ್ಲಿ ಬರೆಯುವುದು ಅತ್ಯುತ್ತಮ. ಗಣಕಯಂತ್ರದಲ್ಲಿ ಬರೆಯುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಅಲ್ಲಿ ಒಂದು ಪುಟವನ್ನು ಎತ್ತಿ ಇನ್ನೊಂದೆಡೆ ಇಡಲು ಎರಡು ಕ್ಷಣ ಸಾಕಾದ್ದರಿಂದ ಎಚ್ಚರ ಇನ್ನೂ ಹೆಚ್ಚು ಬೇಕು. ಮತ್ತೊಂದು ಮಾತು: ತಾನು ಕಣ್ಣಾರೆ ಕಾಣದ ಗ್ರಂಥವನ್ನು ಕಂಡಂತೆ ನಮೂದಿಸಬಾರದು. ಇನ್ನೊಬ್ಬರ ಪುಸ್ತಕದಲ್ಲಿ ಉದ್ಧೃತವಾದುದನ್ನು ಬಳಸಿದರೆ, ‘ಇಂಥವರ ಗ್ರಂಥದಲ್ಲಿ ಉದ್ಧೃತ’ ಎಂದೇ ಬರೆಯಬೇಕು. ಹಾಗೆ ಬರೆದರೆ ಗೌರವ ಕಡಿಮೆಯಾಗುವುದಿಲ್ಲ.

ಬಚ್ಚಿಟ್ಟರೆ ಯಾರಿಗೆ ತಿಳಿದೀತು ಎಂದು ಕೇಳುವವರಿಗೆ ಗ್ರಂಥಸಂಪಾದನ ಶಾಸ್ತ್ರವೇ ಉತ್ತರ ಕೊಡುತ್ತದೆ. ಎರಡು ಹಸ್ತಪ್ರತಿಗಳಲ್ಲಿ ಒಂದೇ ಸ್ಥಳದಲ್ಲಿ ಒಂದೇ ತಪ್ಪಿದ್ದರೆ, ಅವೆರಡೂ ಒಂದೇ ಮಾತೃಕೆಯಿಂದ ಬಂದವೆಂದು ಸಂಪಾದಕರು ನಿರ್ಣಯಿಸುತ್ತಾರೆ. ಸರಿಯಾದ ಪಾಠಕ್ಕಿಂತ ತಪ್ಪು ಪಾಠವೇ ವಂಶವನ್ನು ಹೇಳಿಕೊಡುವುದು. ಕಿರುಪ್ರಬಂಧಗಳ ಮೌಲ್ಯಮಾಪನದಲ್ಲಿಯೂ ನನಗೆ ಆದ ಅನುಭವ ಅದೇ. ಮೂಲದಲ್ಲಿದ್ದ ಅಚ್ಚಿನ ದೋಷ ನಕಲಿನಲ್ಲಿಯೂ ತಪ್ಪದೆ ಬಂದು ಕುಳಿತಿರುತ್ತದೆ. ಒಬ್ಬ ವಿದ್ಯಾರ್ಥಿಯ ಪ್ರಬಂಧದಲ್ಲಿ “ಮೇಲಿನ ಚಿತ್ರದಲ್ಲಿ ತೋರಿಸಿರುವಂತೆ” ಎಂಬ ಮಾತಿತ್ತು. ಇಡೀ ಪ್ರಬಂಧದಲ್ಲಿ ಹುಡುಕಿದರೂ ಚಿತ್ರವಿರಲಿಲ್ಲ.

ಈಗ ಕಾನೂನಿನ ಸ್ಥಿತಿಯನ್ನೂ ತಿಳಿದಿರುವುದು ಅಗತ್ಯ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯವನ್ನು ತಡೆಯುವ ನಿಯಮಾವಳಿಯನ್ನು ಹೊರಡಿಸಿತು. ಅದರ ಪ್ರಕಾರ ಪ್ರಬಂಧದಲ್ಲಿ ಪರಕೃತಿಯೊಡನೆ ಶೇಕಡಾ 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. ಶೇಕಡಾ 10ನ್ನು ಮೀರಿ 40ರವರೆಗೆ ಇದ್ದರೆ, ಹೆಚ್ಚೆಂದರೆ 6 ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು. 40ನ್ನು ಮೀರಿ 60ರವರೆಗೆ ಇದ್ದರೆ ಒಂದು ವರ್ಷ ಕಾಲ ತಿದ್ದಿದ ಪ್ರತಿಯನ್ನು ಒಪ್ಪಿಸುವಂತಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದು. ಸರಿಯಾಗಿ ಮೂಲವನ್ನು ಸೂಚಿಸಿ ಉದ್ಧರಿಸಿದ ಭಾಗ, ಗ್ರಂಥಋಣದ ಪಟ್ಟಿ, ಮುನ್ನುಡಿ, ಕೃತಜ್ಞತೆ, ಕಾನೂನಿನ ಪಾಠ, ರೂಢಿಯ ಸೂತ್ರ-ಸಮೀಕರಣಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಸಾಮಾನ್ಯ ಜ್ಞಾನದ ಅಥವಾ ಆಕಸ್ಮಿಕ ಸಾಮ್ಯದ 14 ಪದಗಳವರೆಗಿನ ಸಾಲನ್ನೂ ಬಿಡಲಾಗಿದೆ. ಬರವಣಿಗೆ ತನ್ನದೇ ಎಂದು ವಿದ್ಯಾರ್ಥಿಯು ಪ್ರಮಾಣೀಕರಿಸಬೇಕು; ಮಾರ್ಗದರ್ಶಕರೂ ದೃಢೀಕರಿಸಬೇಕು.

ಆದರೆ ಆ ನಿಯಮಾವಳಿಯಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಅದು ಸ್ನಾತಕೋತ್ತರ ಹಾಗೂ ಸಂಶೋಧನ ಮಟ್ಟದ ಪ್ರಬಂಧಗಳಿಗೆ, ಪ್ರಕಟಣೆಗಳಿಗೆ ಅನ್ವಯಿಸುತ್ತದೆ. ತರಗತಿಯ ನಿಯೋಜಿತ ಬರವಣಿಗೆ, ಪ್ರಾಜೆಕ್ಟ್ ವರದಿ, ಉತ್ತರಪತ್ರಿಕೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅಂದರೆ ದಂಡದ ಕೈ ಚಾಚುವುದು ಎಂ.ಎ.ದ ಹೊತ್ತಿಗೆ, ಅಭ್ಯಾಸ ಕೆಡುವುದು ಅದಕ್ಕೆ ಬಹಳ ಮೊದಲು, ಬಿ.ಎ.ದಲ್ಲಿ, ಪಿ.ಯು.ದಲ್ಲಿ. ಆ ನಡುವಣ ವರ್ಷಗಳಲ್ಲಿ ಕಾನೂನು ಇಲ್ಲ. ಇರಬಹುದಾದದ್ದು ಮನೆ, ಅಧ್ಯಾಪಕರು ಮತ್ತು ವಿದ್ಯಾರ್ಥಿ ನಿಲಯಗಳು ಮಾತ್ರ.

ಹಕ್ಕುಸ್ವಾಮ್ಯಕ್ಕೂ ಕೃತಿಚೌರ್ಯಕ್ಕೂ ಇರುವ ಅಂತರವನ್ನೂ ಇಲ್ಲಿ ಹೇಳಿಬಿಡುತ್ತೇನೆ. 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ನಮ್ಮ ದೇಶದಲ್ಲಿ ಸಾಹಿತ್ಯ ಕೃತಿಯ ಮೇಲಿನ ಹಕ್ಕು ಲೇಖಕನ ಜೀವಿತಾವಧಿಗೂ ಆಮೇಲಿನ 60 ವರ್ಷಗಳಿಗೂ ಇರುತ್ತದೆ. ಬಳಿಕ ಕೃತಿ ಸಾರ್ವಜನಿಕರದು. 12ನೆಯ ಶತಮಾನದ ನುಡಿಗೆ ಯಾರ ಅನುಮತಿಯೂ ಬೇಡ. ಆದರೆ ಅದನ್ನು ತನ್ನದೆಂದು ಹೇಳಿಕೊಂಡರೆ, ಕಾಯಿದೆ ಸುಮ್ಮನಿದ್ದರೂ ಅದು ಚೌರ್ಯವೇ. ಹಕ್ಕಿನ ಅವಧಿ ತೀರುತ್ತದೆ. ಋಣದ ಅವಧಿ ತೀರುವುದಿಲ್ಲ.

ಸಾಮ್ಯವನ್ನು ಅಳೆಯುವ ತಂತ್ರಾಂಶಗಳು ಈಗ ವಿಶ್ವವಿದ್ಯಾನಿಲಯಗಳಲ್ಲಿ ಬಳಕೆಯಲ್ಲಿವೆ. ಅವು ಉಪಯುಕ್ತವಾದರೂ ನ್ಯಾಯಾಧೀಶರಲ್ಲ. ಎರಡು ಬರೆಹಗಳಲ್ಲಿ ಒಂದೇ ಪದಸರಣಿ ಇದೆಯೆಂದು ಅವು ಹೇಳಬಲ್ಲವು. ಅದು ಕಳವೋ ಸರಿಯಾದ ಉದ್ಧರಣೆಯೋ ಎಂಬುದನ್ನು ಓದುವ ಮನುಷ್ಯನೇ ನಿರ್ಣಯಿಸಬೇಕು. ಇಂಗ್ಲಿಷಿನಿಂದ ಕನ್ನಡಕ್ಕೆ ಕದ್ದು ತಂದದ್ದು ಅವುಗಳ ಬಲೆಗೆ ಬೀಳದೆ ಹೋಗಬಹುದು. ಶೇಕಡಾ 9 ಬಂದಿತು, ಗೆದ್ದೆ ಎಂದು ಬೀಗುವ ವಿದ್ಯಾರ್ಥಿಗೆ ನಾನು ಹೇಳುವುದಿಷ್ಟೆ: ಆ ಅಂಕಿ ಪದಗಳನ್ನು ಎಣಿಸಿದೆ, ನಿನ್ನ ಪ್ರಾಮಾಣಿಕತೆಯನ್ನು ಎಣಿಸಿಲ್ಲ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪ್ರಶ್ನೆ ಇನ್ನಷ್ಟು ಜಟಿಲವಾಗಿದೆ. ಕೇಳಿದ ವಿಷಯದ ಮೇಲೆ ಯಂತ್ರವೇ ನಿಮಿಷದೊಳಗೆ ಪ್ರಬಂಧ ಬರೆದುಕೊಡುತ್ತದೆ. ಅದು ಯಾವ ಒಂದು ಪುಸ್ತಕದ ನಕಲೂ ಅಲ್ಲದಿರಬಹುದು; ಆದ್ದರಿಂದ ಯಾರಿಂದಲೂ ಕದ್ದಂತಾಗಲಿಲ್ಲ ಎಂದು ಹುಡುಗರು ವಾದಿಸುತ್ತಾರೆ. ಆದರೆ ತಾನು ಬರೆಯದುದನ್ನು ತಾನು ಬರೆದೆನೆಂದು ಸಹಿ ಹಾಕುವುದು ಸುಳ್ಳು. ಅದಲ್ಲದೆ, ಇಂಥ ಯಂತ್ರಗಳು ಎಂದೂ ಅಚ್ಚಾಗದ ಪುಸ್ತಕಗಳ ಹೆಸರನ್ನು, ಬರೆಯದ ಲೇಖನಗಳನ್ನು ಆಧಾರವೆಂದು ಕೊಡುವುದುಂಟು. ಇಲ್ಲದ ಗ್ರಂಥಕ್ಕೆ ಋಣ ಒಪ್ಪಿಸುವ ಸ್ಥಿತಿ ನಗೆಗೂ ದುಃಖಕ್ಕೂ ಎಡೆಕೊಡುತ್ತದೆ. ಅರ್ಥವಾಗದುದನ್ನು ಕೇಳಿ ತಿಳಿಯಲು, ಕಾಗುಣಿತವನ್ನು ನೋಡಿಕೊಳ್ಳಲು ಅದನ್ನು ಬಳಸುವುದಾದರೆ, ಅಧ್ಯಾಪಕರ ಅನುಮತಿ ಪಡೆದು, ಬಳಸಿದೆನೆಂದು ಪ್ರಬಂಧದಲ್ಲಿಯೇ ಹೇಳಬೇಕು. ಹೇಳಲು ಸಂಕೋಚವಾಗುವ ಸಹಾಯವನ್ನು ಪಡೆಯದಿರುವುದು ಲೇಸು. ಈ ಒಂದು ಅಳತೆಗೋಲು ಹಳೆಯ ಸಹಾಯಕ್ಕೂ ಹೊಸ ಸಹಾಯಕ್ಕೂ ಸಲ್ಲುತ್ತದೆ.

ಸಹೃದಯರೇ, ತಾವು ಮಾಡಬಹುದಾದ ಒಂದೆರಡು ಕಾರ್ಯಗಳನ್ನು ಸೂಚಿಸಿ ಈ ಬರೆಹವನ್ನು ಮುಗಿಸುತ್ತೇನೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ, ಅವರ ಬರವಣಿಗೆಯನ್ನು ಒಮ್ಮೆ ಕೈಗೆತ್ತಿಕೊಂಡು, “ಇದರಲ್ಲಿ ನಿನ್ನ ಮಾತು ಯಾವುದು?” ಎಂದು ಕೇಳಿರಿ. ಗದರಿಸಿ ಕೇಳಬೇಡಿರಿ, ತಿಳಿಯುವ ಕುತೂಹಲದಿಂದ ಕೇಳಿರಿ. ತಪ್ಪು ವಾಕ್ಯವಾದರೂ ಸರಿಯೆ, ಅವರದೇ ಆದ ಒಂದು ವಾಕ್ಯಕ್ಕೆ ಮೆಚ್ಚುಗೆ ಸೂಚಿಸಿರಿ. ಪ್ರಸಾದ ನಿಲಯಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಹಿರಿಯರು ವರ್ಷಾರಂಭದಲ್ಲಿ ಒಂದು ಸಂಜೆಯನ್ನು ಮೀಸಲಿಟ್ಟು, ಟಿಪ್ಪಣಿ ಮಾಡುವ, ಅಡಿಟಿಪ್ಪಣಿ ಬರೆಯುವ ಕ್ರಮವನ್ನು ಪ್ರಥಮ ವರ್ಷದ ವಿದ್ಯಾರ್ಥಿಗಳಿಗೆ ಹೇಳಿಕೊಡಿಸಲಿ. ಅಧ್ಯಾಪಕರಾಗಿರುವ ಹಳೆಯ ವಿದ್ಯಾರ್ಥಿಗಳು ಈ ಪತ್ರಿಕೆಯ ಓದುಗರಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಿಗೆ ಇದು ಎರಡು ಗಂಟೆಗಳ ಕೆಲಸ. ಇದಕ್ಕೆ ಹಣ ಬೇಡ, ಕಟ್ಟಡ ಬೇಡ. ಒಂದು ಕಪ್ಪು ಹಲಗೆ, ನಾಲ್ಕು ಪುಸ್ತಕಗಳು ಸಾಕು.

ಆ ಸಂಜೆ ಹೇಳಬೇಕಾದ ಪಾಠವೂ ದೊಡ್ಡದಲ್ಲ. ಯಾರಿಂದ ಪಡೆದೆಯೋ ಅವರ ಹೆಸರು ಹೇಳು. ಎಷ್ಟು ಪಡೆದೆಯೋ ಅಷ್ಟನ್ನು ಗುರುತು ಮಾಡಿ ತೋರಿಸು. ಉಳಿದುದನ್ನು ನಿನ್ನ ಮಾತಿನಲ್ಲಿ ಬರೆಯಲು ಅಂಜಬೇಡ. ಕೂಳಿಗೂ ಅಕ್ಷರಕ್ಕೂ ಪರರ ಋಣವನ್ನು ಸಂಕೋಚವಿಲ್ಲದೆ ನೆನೆಯುವುದನ್ನು ಪ್ರಸಾದ ನಿಲಯದ ಪಂಕ್ತಿಯಲ್ಲಿ ಕುಳಿತು ಕಲಿತವರು ನಾವು. ಅದೇ ಅಭ್ಯಾಸವನ್ನು ನಮ್ಮ ಮಕ್ಕಳ ಬರವಣಿಗೆಯ ಕೊನೆಯ ಪುಟಕ್ಕೂ ತಲುಪಿಸಬೇಕಾಗಿದೆ.